ಮುಸುವಗಳ ಊಟ: ಬಾಳೆಹಣ್ಣು ಪೂರ್ತಿ ನಿಂತಿತು

ನಮ್ಮ ಪ್ರಾಣಿ ಪುನರ್ವಸತಿ ಕೇಂದ್ರದ ಮುಸುವಗಳ ಊಟ ಬದಲಿಸುವ ಕೆಲಸ ಒಂದು ಹಂತಕ್ಕೆ ಬಂದಿದೆ. ಬ್ರೆಡ್ಡು, ಬಿಸ್ಕತ್ತು ಮೊದಲೇ ಹೋಗಿದ್ದವು. ಈಗ ಬಾಳೆಹಣ್ಣೂ ಇಲ್ಲ. ಬೆಳಿಗ್ಗೆ ಅತ್ತಿ, ಆಲ, ಅರಳಿ ಸೊಪ್ಪನ್ನು ಕೊಂಬೆ ಸಮೇತ ಕಟ್ಟುತ್ತೇವೆ. ಸಂಜೆಗೆ ಬೀನ್ಸ್, ಸೌತೆಕಾಯಿ.

ಇಷ್ಟೆಲ್ಲ ಯಾಕೆ ಅಂದರೆ, ಇವು ಬಂದಾಗ ಹೊಟ್ಟೆ ಉಬ್ಬರಿಸಿ, ಹಿಕ್ಕೆ ನೀರಾಗಿತ್ತು. ಕೋತಿಗೆ ಕೆನ್ನೆಯಲ್ಲಿ ಚೀಲ ಇರುತ್ತದಲ್ವಾ, ಮುಸುವಕ್ಕೆ ಅದಿಲ್ಲ. ಬದಲಿಗೆ ಅದರ ಹೊಟ್ಟೆಯಲ್ಲೇ ಕೋಣೆಗಳಿವೆ. ಮೊದಲ ಕೋಣೆಗಳಲ್ಲಿ ಬ್ಯಾಕ್ಟೀರಿಯಾಗಳು ಎಲೆಯ ನಾರನ್ನು ಹುಳಿ ಬರಿಸಿ ಕರಗಿಸುತ್ತವೆ. ಅಲ್ಲಿಗೆ ಒಂದೇ ಸಲ ಸಿಹಿ ಬಿದ್ದರೆ ಹುಳಿ ವಿಪರೀತ ಏರುತ್ತದೆ, ನಾರು ಕರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಆಮೇಲೆ ಭೇದಿ.

ಹಣ್ಣು ತಿಂದರೆ ಮಂಗಕ್ಕೆ ಒಳ್ಳೆಯದು ಅಂತ ಈಗಲೂ ಬುಟ್ಟಿ ತುಂಬ ತರುವವರಿದ್ದಾರೆ. ಆದರೆ ನಾವು ಪೇಟೆಯಲ್ಲಿ ಕೊಳ್ಳುವ ಹಣ್ಣು ಮನುಷ್ಯನ ನಾಲಿಗೆಗೆ ಬೆಳೆಸಿದ್ದು. ಕಾಡುಹಣ್ಣಿಗಿಂತ ಸಿಹಿ ಜಾಸ್ತಿ, ನಾರು ಕಡಿಮೆ. ಇಂಗ್ಲೆಂಡಿನ ಪೇಂಟನ್ ಮೃಗಾಲಯ ಇದೇ ಕಾರಣಕ್ಕೆ ಕೋತಿಗಳಿಗೆ ಬಾಳೆಹಣ್ಣು ನಿಲ್ಲಿಸಿದ್ದು 2014ರಲ್ಲಿ ಸುದ್ದಿಯಾಗಿತ್ತು. 2016ರಲ್ಲಿ ಬಂದ ಒಂದು ಅಧ್ಯಯನ ನನ್ನನ್ನು ಬಹಳ ಕಾಡಿತು. ಮುಸುವದ ಹಾಗೆಯೇ ಎಲೆ ತಿನ್ನುವ ಮಂಗಗಳಾದ, ವಿಯೆಟ್ನಾಂ ಕಾಡಿನ ಡೂಕ್ ಲಂಗೂರ್‌ಗಳನ್ನೂ ಮೃಗಾಲಯದವನ್ನೂ ಹೋಲಿಸಿ ನೋಡಿದ್ದರು. ಬೋನಿನಲ್ಲಿದ್ದವು ತಮ್ಮ ಮೂಲ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಕಳೆದುಕೊಂಡಿದ್ದವು. ಅವುಗಳ ಕರುಳಿನಲ್ಲಿ ಮನುಷ್ಯರ ಕರುಳಿನಲ್ಲಿ ಹೆಚ್ಚಾಗಿರುವ ಪ್ರಿವೊಟೆಲ್ಲಾ, ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾಗಳು ತುಂಬಿದ್ದವು. ಅಂದರೆ ಹೆಚ್ಚುಕಮ್ಮಿ ನಮ್ಮ ಕರುಳೇ! ತಿನ್ನುವ ಗಿಡಗಳ ಬಗೆ ಮತ್ತು ನಾರು ಕಡಿಮೆಯಾಗಿದ್ದು ಇದಕ್ಕೆ ಮುಖ್ಯ ಕಾರಣ ಎಂದು ಅವರು ಕಂಡರು.

ಹಾಗಾಗಿಯೇ ನಾವು ಅವಸರ ಮಾಡಲಿಲ್ಲ. ಮೊದಲು ಸೊಪ್ಪು ಏರಿಸಿದೆವು, ಆಮೇಲೆ ಹಣ್ಣು ಇಳಿಸಿದೆವು. ಒಳಗಿನ ಬ್ಯಾಕ್ಟೀರಿಯಾ ಹೊಸ ಊಟಕ್ಕೆ ಹೊಂದಿಕೊಳ್ಳಬೇಕಲ್ಲ. ವೈದ್ಯರು ವಾರವಾರ ತೂಕ ನೋಡುತ್ತಿದ್ದರು.

ಮುದಿ ಹೆಣ್ಣೊಂದು ಮೊದಮೊದಲು ಕೊಂಬೆ ಮುಟ್ಟುತ್ತಲೇ ಇರಲಿಲ್ಲ. ಈಗ ಅರಳಿ ಚಿಗುರನ್ನೇ ಹುಡುಕುತ್ತದೆ. ಕೊಂಬೆ ಬಗ್ಗಿಸಿ, ಎಲೆಯ ತೊಟ್ಟು ಮುರಿದು, ಎಳೆಯ ಭಾಗ ಅಗಿದು, ಬಲಿತದ್ದನ್ನು ಕೆಳಗೆ ಬಿಡುತ್ತದೆ. ಹಿಂದೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಊಟ ಈಗ ಅರ್ಧ ಬೆಳಗು ಹಿಡಿಯುತ್ತದೆ. ಅದರ ಹಿಕ್ಕೆಯೂ ಗಟ್ಟಿಯಾಗಿದೆ. ನನಗೆ ಅದೇ ದೊಡ್ಡ ಖುಷಿ.

ಮರಿಯಿರುವ ಇನ್ನೊಂದು ಹೆಣ್ಣಿಗೆ ಉಬ್ಬರ ಪೂರ್ತಿ ಇಳಿದಿಲ್ಲ. ಅದಕ್ಕೆ ಬೀನ್ಸ್ ಕಡಿಮೆ ಮಾಡಿ ನೋಡುತ್ತಿದ್ದೇವೆ.

ಮುಂದಿನ ಕೆಲಸ ಸೊಪ್ಪಿನದೇ. ರಸ್ತೆ ಬದಿಯ ಮರಗಳಲ್ಲಿ ಹೊಗೆ, ಧೂಳು. ತೋಟದವುಗಳಿಗೆ ಔಷಧಿ ಹೊಡೆದಿರುತ್ತಾರೆ. ಬೇಲಿಯುದ್ದಕ್ಕೂ ಅತ್ತಿ ಸಸಿ ನೆಡಲು ಗುಂಡಿ ತೆಗೆಸಿದ್ದೇವೆ, ಮಳೆ ಹಿಡಿದ ಕೂಡಲೇ ನೆಡುವುದು.