ಮೂಲೆ ಕಂಬಕ್ಕೆ ಹೊಸ ಕಾಲು ಬಂತು, ಬಾಗಿಲುಗಳು ಮುನಿಸಿಕೊಂಡವು

ನಿನ್ನೆ ಸಂಜೆ ಐದೂವರೆಗೆ, ಮನೆಯ ಮೂಲೆಯನ್ನು ಎತ್ತಿ ಹಿಡಿದಿದ್ದ ಜ್ಯಾಕ್ ಇಳಿಸಿದೆ. ಮೂಲೆ ಕಂಬ ತನ್ನ ಕಲ್ಲಿನ ಮೇಲೆ ತಾನೇ ನಿಂತಿತು. ಏನೂ ಬೀಳಲಿಲ್ಲ, ಏನೂ ಮುರಿಯಲಿಲ್ಲ. ಏಳು ವಾರಾಂತ್ಯಗಳನ್ನು ನುಂಗಿದ ಕೆಲಸ ಇದು. ಇದಕ್ಕೂ ಮೊದಲು ಇದೇ ಕಂಬಕ್ಕೆ ಅಂತ ಮಾಡಿದ ಎರಡು ಕಾಲುಗಳು ಈಗ ಅಂಗಳದ ಬೆಂಚಿಗೆ ಕಾಲಾಗಿವೆ. ಬೆಂಚು ಮಾತ್ರ ಬಹಳ ಗಟ್ಟಿ.

ಮನೆಯ ಬಗ್ಗೆ ಎರಡು ಮಾತು. ಜಪಾನಿನ ನಾರಾ ಪ್ರಾಂತ್ಯ, ಯೋಶಿನೊ ಬೆಟ್ಟಗಳ ಕಡೆಯ ಒಂದು ಅಕಿಯಾ, ಅಂದರೆ ಖಾಲಿ ಬಿದ್ದ ಮನೆ. ಒಂದೇ ಅಂತಸ್ತು, ಬಿದಿರು ಹೆಣೆದು ಮಣ್ಣು ಮೆತ್ತಿದ ಗೋಡೆ. ಕಾಗದದಲ್ಲಿ ಶೋವಾ 38 ಅಂತಿದೆ, ಅಂದರೆ ಶೋವಾ ಚಕ್ರವರ್ತಿಯ ಆಳ್ವಿಕೆಯ 38ನೇ ವರ್ಷ. ಅದಕ್ಕೆ 1925 ಕೂಡಿಸಿ, 1963 ಆಗುತ್ತದೆ. 2023ರ ಸಮೀಕ್ಷೆ ಪ್ರಕಾರ ಈ ದೇಶದಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಇವೆ, ಒಟ್ಟು ಮನೆಗಳಲ್ಲಿ ಶೇಕಡಾ 13.8. ಅದರಲ್ಲಿ ಒಂದನ್ನು ನಾನು ಕಡಿಮೆ ಮಾಡಿದ್ದೇನೆ. ವಿದೇಶಿಯರು ಕೊಳ್ಳಲು ಅಡ್ಡಿಯಿಲ್ಲ. ಕೊಂಡರೆ ವೀಸಾ ಸಿಗುತ್ತದಾ ಅಂತ ಪರಿಚಯದವರೆಲ್ಲ ಕೇಳುತ್ತಾರೆ. ಸಿಗುವುದಿಲ್ಲ. ಸಿಗುವುದು ಆಸ್ತಿ ತೆರಿಗೆಯ ಲಕೋಟೆ ಮತ್ತು ಗೆದ್ದಲು.

ನೋಂದಣಿ, ಮುದ್ರೆ, ಹಿತ್ತಲಿನ ಗದ್ದೆ ತುಂಡಿಗೆ ಕೃಷಿ ಸಮಿತಿಯ ಅನುಮತಿ, ಇದೆಲ್ಲ ಹಳೇ ಕಥೆ. ನನ್ನ ಹೆಸರನ್ನು ಕತಕಾನಾ ಲಿಪಿಯಲ್ಲಿ ಬರೆದರೆ ಮುದ್ರೆಯ ಸಣ್ಣ ವೃತ್ತದೊಳಗೆ ಅಕ್ಷರಗಳು ಬೆಳಗಿನ ರೈಲಿನ ಜನರ ಹಾಗೆ ಒತ್ತಿಕೊಂಡು ನಿಲ್ಲುತ್ತವೆ ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ. ವೈರಿಂಗ್ ಕೂಡ ಮುಗಿಯಿತು, ಅದು ನಾನು ಮಾಡಿದ್ದಲ್ಲ. ಇಲ್ಲಿ ಲೈಸೆನ್ಸ್ ಇಲ್ಲದೆ ಗೋಡೆಯೊಳಗಿನ ತಂತಿ ಮುಟ್ಟುವ ಹಾಗಿಲ್ಲ.

ಈಗ ಕಂಬ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಮನೆಗೆ ಬಂದಿದ್ದರೆ ಅವಳ ಮಾತನ್ನು ಯಾರೂ ಆಡಿಕೊಳ್ಳುತ್ತಿರಲಿಲ್ಲ. ಪೂರ್ವದ ಕೋಣೆಯಲ್ಲಿ ಗೋಲಿ ಇಟ್ಟರೆ ಅದು ತಾನಾಗಿ ಮೂಲೆಗೆ ಓಡುತ್ತಿತ್ತು. ರಸಮಟ್ಟ ಇಟ್ಟು ಅಳೆದೆ: 1.8 ಮೀಟರಿಗೆ 24 ಮಿಲಿಮೀಟರ್ ಇಳಿಜಾರು, ಅಂದರೆ ಸಾವಿರಕ್ಕೆ 13. ಇಲ್ಲಿನ ಮಾನದಂಡದಲ್ಲಿ ಸಾವಿರಕ್ಕೆ 6 ದಾಟಿದರೆ ಮನೆಯ ಕಟ್ಟಿನಲ್ಲೇ ದೋಷ ಇರುವ ಸಾಧ್ಯತೆ ಹೆಚ್ಚು ಅಂತ ಲೆಕ್ಕ. ತತಾಮಿ ಚಾಪೆ ಎತ್ತಿ, ಕೆಳಗಿನ ಹಲಗೆ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಮೂಲೆ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ತಾಗಿಸಿದರೆ ಹಿಡಿಯ ತನಕ ಒಳಗೆ ಹೋಯಿತು. ಬೆಣ್ಣೆಗೆ ಚಾಕು ಇಳಿದ ಹಾಗೆ. ಯಾವ ಕಾಲದಲ್ಲೋ ಸೂರಿನ ದೋಣಿ ಒಡೆದು ನೀರು ಬುಡಕ್ಕೆ ಇಳಿದಿದೆ. ಒದ್ದೆ ಮರ ಸಿಕ್ಕ ಮೇಲೆ ಗೆದ್ದಲು ಬಿಡುತ್ತದಾ? 45 ಸೆಂಟಿಮೀಟರ್ ಎತ್ತರದ ತನಕ ಮರ ಇರಲಿಲ್ಲ, ಮರದ ಆಕಾರ ಮಾತ್ರ ಇತ್ತು.

ಇದು 1981ರ ಜೂನ್‌ನ ಭೂಕಂಪ ನಿಯಮಕ್ಕೂ ಹಳೆಯ ಮನೆ. ಇಂಥದ್ದರಲ್ಲಿ ಮೂಲೆ ಕಂಬ ಟೊಳ್ಳು ಅಂದರೆ ರಾತ್ರಿ ನಿದ್ದೆ ಬರುವುದು ಕಷ್ಟ. ಪೂರ್ತಿ ಕಂಬ ಬದಲಿಸಬೇಕಾದರೆ ಎರಡು ಕಡೆಯ ಗೋಡೆ ಒಡೆಯಬೇಕು. ಹಾಗಾಗಿ ನೆತ್ಸುಗಿ: ಕೊಳೆತ ಕಾಲನ್ನು ಕತ್ತರಿಸಿ ಹೊಸ ಕಾಲನ್ನು ಸಂದು ಮಾಡಿ ಕೂರಿಸುವುದು. ಸಂದು ಯಾವುದು? ಕನಾವಾತ್ಸುಗಿ. ತೊಲೆ ಹೊತ್ತು ನಿಂತ ಕಂಬಕ್ಕೆ ಪಕ್ಕದಿಂದ ತಳ್ಳಿ ಜೋಡಿಸಬಹುದಾದ ಸಂದು ಅದು. ಮೆಟ್ಟಿಲು, ತುದಿಗೆ ನಾಲಿಗೆ, ನಡುವೆ ಕಿಂಡಿ. ಆ ಕಿಂಡಿಗೆ ಓಕ್ ಮರದ ಬೆಣೆ ಹೊಡೆದರೆ ಎರಡೂ ತುಂಡು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಮೊಳೆ ಬೇಡ, ಅಂಟು ಬೇಡ. ತಾಳ್ಮೆ ಬೇಕು, ಅದು ನನ್ನ ಹತ್ತಿರ ಸ್ಟಾಕ್ ಇರಲಿಲ್ಲ.

ಎತ್ತುವ ಕೆಲಸಕ್ಕೇ ನಾಲ್ಕು ವಾರಾಂತ್ಯ ಹೋಯಿತು. ಕಂಬದ ಎರಡೂ ಪಕ್ಕ ತೊಲೆಯ ಕೆಳಗೆ ತಾತ್ಕಾಲಿಕ ಕಂಬ, ಅದರ ಕೆಳಗೆ ಸ್ಕ್ರೂ ಜ್ಯಾಕ್. ಎಣ್ಣೆಯ ಜ್ಯಾಕ್ ಬೇಡ, ಅದು ರಾತ್ರಿ ಸದ್ದಿಲ್ಲದೆ ಒಂದೆರಡು ಮಿಮೀ ಕೆಳಗಿಳಿದು ಬೆಳಗ್ಗೆ ಏನೂ ಆಗಿಲ್ಲದ ಹಾಗೆ ಕೂತಿರುತ್ತದೆ. ಶನಿವಾರ 3 ಮಿಮೀ, ಭಾನುವಾರ 3 ಮಿಮೀ. ಜಾಸ್ತಿ ಎತ್ತಿದರೆ ಮಣ್ಣಿನ ಗೋಡೆ ಬಿರುಕು ಬಿಡುತ್ತದೆ. ಪ್ರತಿ ಸಲ ತಿರುಗಿಸಿದಾಗಲೂ ಮನೆಯ ಎಲ್ಲೋ ಒಂದು ಕಡೆಯಿಂದ ನರಳುವ ಸದ್ದು. ಅಜ್ಜಿಯನ್ನು ಮಂಚದಿಂದ ಎಬ್ಬಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಈ ನಡುವೆ ಕಂಬಕ್ಕೆ ಅಂಟಿದ್ದ ಗೋಡೆಯ ಮಣ್ಣು ಸ್ವಲ್ಪ ಉದುರಿತು. ಅದರ ಹಿಂದೆ, ಕಂಬದ ಮೇಲೆ, ಕುಂಚದಲ್ಲಿ ಬರೆದ ಎರಡು ಅಕ್ಷರ: ‘ಇ’, ‘ಒಂದು’. ಇಲ್ಲಿನ ಬಡಗಿಗಳು ಕಂಬಗಳಿಗೆ ನಕ್ಷೆಯ ಪ್ರಕಾರ ಗುರುತು ಹಾಕುತ್ತಾರೆ. ಒಂದು ದಿಕ್ಕಿಗೆ ಇ, ರೊ, ಹಾ ಅಂತ ಹಳೇ ಅಕ್ಷರಮಾಲೆ, ಇನ್ನೊಂದು ದಿಕ್ಕಿಗೆ ಅಂಕಿ. ‘ಇ ನೋ ಇಚಿ’ ಅಂದರೆ ಮೊಟ್ಟಮೊದಲ ಕಂಬ. ಎಲ್ಲಕ್ಕಿಂತ ಮೊದಲು ಅನ್ನುವುದಕ್ಕೆ ಜಪಾನಿಯರು ಬಳಸುವ ‘ಇ ನೋ ಇಚಿಬಾನ್’ ಮಾತು ಇದರಿಂದಲೇ ಬಂತು ಅಂತ ಹೇಳುತ್ತಾರೆ. 22 ಕಂಬ ಇರುವ ಮನೆಯಲ್ಲಿ ಗೆದ್ದಲಿಗೂ ಇದೇ ಮೊದಲು ರುಚಿಸಬೇಕಾ?

ಮರದ ಡಿಪೋದವರ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಯೋಶಿನೊ ಅಂದರೆ ಮರಕ್ಕೇ ಹೆಸರಾದ ಊರು. ಬೆಟ್ಟದ ತುಂಬ ಸುಗಿ, ಹಿನೋಕಿ, ಅಂದರೆ ಜಪಾನಿನ ಸೀಡರ್, ಸೈಪ್ರೆಸ್ ಮರಗಳು. ಅಂಥ ಕಡೆ ಕೂತು ಒಂದು ಹಿನೋಕಿ ಕಂಬಕ್ಕೆ ಕಾಯುವುದು ಅಂದರೆ ಹೊಳೆ ದಂಡೆಯಲ್ಲಿ ನೀರಿನ ಟ್ಯಾಂಕರಿಗೆ ಕಾದ ಹಾಗೆ. 4 ಸುನ್ ದಪ್ಪ, 3 ಮೀಟರ್, ಒಣಗಿಸಿದ್ದು, ಚೇಗಿನ ಭಾಗ ಜಾಸ್ತಿ ಇರಲಿ ಅಂತ ಬರೆದುಕೊಟ್ಟು ಬಂದೆ. ಒಂದು ಸುನ್ 30.3 ಮಿಮೀ, ಆದರೆ ಅಂಗಡಿಯಲ್ಲಿ 4 ಸುನ್ ಅಂದರೆ 120 ಮಿಮೀ ಕೊಡುತ್ತಾರೆ. ಅದು ಗೊತ್ತಿತ್ತು. ಬಂದದ್ದು 105 ಮಿಮೀ, ಅಂದರೆ ಮೂರೂವರೆ ಸುನ್. ಫೋನ್ ಮಾಡಿದೆ. ಮರುದಿನವೇ ಒಬ್ಬರು ಬಂದು, ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಒಂದು ಡಬ್ಬಿ ಸಿಹಿ ಕೊಟ್ಟು ಹೋದರು. ಸರಿಯಾದ ಕಂಬ ಬರಲು ಮಾತ್ರ ಮತ್ತೆ ಹನ್ನೊಂದು ದಿನ. ಸಿಹಿ ಚೆನ್ನಾಗಿತ್ತು.

3 ಮೀಟರಿನಲ್ಲಿ 81 ಸೆಂಮೀ ಉದ್ದದ ಕಾಲು ಮೂರು ಬರುತ್ತದೆ: 45 ಕಾಲಿಗೆ, 36 ಸಂದಿಗೆ. ಒಂದೇ ಸಾಕು, ಉಳಿದ ಎರಡು ಸುಮ್ನೆ ಇರಲಿ ಅಂದುಕೊಂಡೆ. ಆಗಲೇ ವಿಧಿ ನಕ್ಕಿರಬೇಕು. ಕತ್ತರಿಸುವ ಮುಂಚೆ ಬೇರಿನ ದಿಕ್ಕಿಗೆ ಬಾಣ ಬರೆದೆ. ಮರ ಬೆಳೆದ ಹಾಗೆಯೇ ಕಂಬ ನಿಲ್ಲಬೇಕು, ಬುಡ ಕೆಳಗೆ. ತಲೆಕೆಳಗಾಗಿ ನಿಲ್ಲಿಸುವುದು ಇಲ್ಲಿ ಅಪಶಕುನ.

ಪಕ್ಕದ ಮನೆಯ ಅಜ್ಜ ನಿವೃತ್ತ ಬಡಗಿ. ಪ್ರತಿ ಶನಿವಾರ ಹತ್ತಕ್ಕೆ ಚಹಾ ಹಿಡಿದು ಬಂದು ಕೂರುತ್ತಾರೆ. ಕೇಳದೆ ಏನೂ ಹೇಳುವುದಿಲ್ಲ, ಕೇಳಿದರೂ ಜಾಸ್ತಿ ಹೇಳುವುದಿಲ್ಲ. ಮೇಲಿನ ಅರ್ಧವನ್ನು, ಅಂದರೆ ನಿಂತ ಕಂಬದ ತುದಿಯನ್ನು, ಕೆತ್ತಿ ಮುಗಿಸಿದೆ. ನೆಲದ ಕೆಳಗೆ ಒಂದೇ ಪಕ್ಕಕ್ಕೆ ಮಲಗಿ ಉಳಿ ಹಿಡಿದು ಎರಡು ದಿನ. ಆಮೇಲೆ ಹೊಸ ತುಂಡಿನ ಮೇಲೆ ಗೆರೆ ಹಾಕುತ್ತಿದ್ದಾಗ ಅಜ್ಜ ಎರಡು ಸಲ ‘ಒನಾಜಿ, ಒನಾಜಿ’ ಅಂದರು. ಒನಾಜಿ ಅಂದರೆ ಒಂದೇ ಥರ. ಹಳೆಯದೂ ಹಿನೋಕಿ, ಹೊಸದೂ ಹಿನೋಕಿ, ಒಂದೇ ಮರ ಅಂತ ಮೆಚ್ಚುತ್ತಿದ್ದಾರೆ ಅಂದುಕೊಂಡು ನಾನೂ ‘ಹೌದು ಹೌದು, ಒನಾಜಿ’ ಅಂದೆ.

ಅವರು ಹೇಳಿದ್ದು ಸಂದಿನ ಆಕಾರದ ಬಗ್ಗೆ. ಕನಾವಾತ್ಸುಗಿಯ ಎರಡೂ ತುಂಡು ಥೇಟ್ ಒಂದೇ ಆಕಾರ. ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದರ ಜೊತೆ ಕೂರುತ್ತದೆ. ನಾನು ಕೆತ್ತಿದ್ದು ಕನ್ನಡಿಯ ಬಿಂಬ. ಎಡಗಾಲಿನ ಎರಡು ಚಪ್ಪಲಿ ಬೇಕಾದ ಕಡೆ ಒಂದು ಎಡ, ಒಂದು ಬಲ. ತಳ್ಳಿ ನೋಡಿದೆ, ನಾಲಿಗೆಗೆ ನಾಲಿಗೆ ಡಿಕ್ಕಿ. ತಿರುಗಿಸಿ ನೋಡಿದೆ. ಮತ್ತೆ ತಿರುಗಿಸಿ ನೋಡಿದೆ, ತಿರುಗಿಸಿದರೆ ಬಿಂಬ ಬದಲಾಗುತ್ತದೆ ಅನ್ನುವ ಹಾಗೆ. ಅಜ್ಜ ಚಹಾ ಮುಗಿಸಿ ಎದ್ದು ಹೋದರು. ಬೆಂಚಿನ ಮೊದಲ ಕಾಲು.

ಮುಂದಿನ ವಾರ ಆಕಾರ ಸರಿಯಾಗಿತ್ತು. ಒಳಗೆ ಹೋಯಿತು ಕೂಡ. ಆದರೆ ಸಂದಿನ ಒಂದು ಕಡೆ ಪೋಸ್ಟ್‌ಕಾರ್ಡ್ ತೂರುವಷ್ಟು ಬಿರುಕು, ಇನ್ನೊಂದು ಕಡೆ ಬಿಗಿ. ಬೆಣೆ ಹೊಡೆದರೆ ಕಾಲು ಅಡ್ಡಕ್ಕೆ ತಿರುಗುತ್ತದೆ. ಬಿಗಿ ಇದ್ದ ಕಡೆ ಉಳಿಯಿಂದ ಸವರಿದೆ. ಬಿರುಕು ಜಾಗ ಬದಲಿಸಿತು. ಅಲ್ಲಿ ಸವರಿದೆ, ಇಲ್ಲಿಗೆ ಬಂತು. ಹೀಗೆ ಅದನ್ನು ಅಟ್ಟಿಸಿಕೊಂಡು ಹೋಗಿ ಹೋಗಿ ಭಾನುವಾರ ಸಂಜೆಗೆ ಇಡೀ ಸಂದು ಸಡಿಲ. ಬೆಂಚಿನ ಎರಡನೇ ಕಾಲು. ಉಳಿದದ್ದು ಒಂದೇ ತುಂಡು, ಮತ್ತೆ ಆ ಡಿಪೋಗೆ ಫೋನ್ ಮಾಡುವ ಧೈರ್ಯ ಇರಲಿಲ್ಲ.

ಆ ವಾರ ಪೂರ್ತಿ ಆಫೀಸಿನಲ್ಲೂ ಅದೇ ಯೋಚನೆ. ಉತ್ತರ ಹೊಳೆದದ್ದು ಸ್ನಾನ ಮಾಡುವಾಗ. ಸ್ನಾನ ಅಂದ ಕೂಡಲೇ ಒಂದು ಮಾತು: ಮುಂದಿನ ಯೋಜನೆ ಅದೇ! ಮನೆಯ ಹಿಂಬದಿಯಲ್ಲಿ ಗೊಯೆಮೊನ್‌ಬುರೊ ಇದೆ. ಬೀಡುಕಬ್ಬಿಣದ ದೊಡ್ಡ ಹಂಡೆ, ಕೆಳಗೆ ಸೌದೆ ಒಲೆ. ನಮ್ಮ ಬಚ್ಚಲ ಹಂಡೆಯಿಂದ ನೀರು ಮೊಗೆದುಕೊಳ್ಳುತ್ತೇವೆ, ಇಲ್ಲಿ ನಾವೇ ಹಂಡೆಯೊಳಗೆ ಇಳಿಯಬೇಕು. ತಳ ಸುಡುತ್ತದೆ, ಅದಕ್ಕೇ ನೀರಿನಲ್ಲಿ ತೇಲುವ ಮರದ ಹಲಗೆಯನ್ನು ಕಾಲಲ್ಲಿ ಒತ್ತಿಕೊಂಡೇ ಕೂರಬೇಕು. 1594ರಲ್ಲಿ ಕುದಿಸಿ ಕೊಂದರು ಅನ್ನುವ ಇಶಿಕಾವಾ ಗೊಯೆಮೊನ್ ಎಂಬ ಕಳ್ಳನ ಹೆಸರು ಇದಕ್ಕೆ. ಒಲೆಯ ಇಟ್ಟಿಗೆ ಕುಸಿದಿದೆ, ಹಂಡೆ ಗಟ್ಟಿಯಾಗಿದೆ. ಹೊಗೆ ನಳಿಕೆಯ ಅಳತೆ ಕೂಡ ತೆಗೆದಾಯಿತು. ಇರಲಿ, ಕಂಬಕ್ಕೆ ಬರುತ್ತೇನೆ.

ತಪ್ಪು ಉಳಿಯದ್ದಲ್ಲ, ಗೆರೆಯದ್ದು. ನಾನು ಎಲ್ಲ ಅಳತೆಯನ್ನೂ ಕಂಬದ ಅಂಚಿನಿಂದ ತೆಗೆಯುತ್ತಿದ್ದೆ. ಹೊಸ ತುಂಡು ಯಂತ್ರದಲ್ಲಿ ಕೊಯ್ದದ್ದು, ನಾಲ್ಕೂ ಕಡೆ 120. ಹಳೇ ಕಂಬ 60 ವರ್ಷ ಒಣಗಿ, ತಿರುಚಿ, ಒಂದು ಕಡೆ 118, ಇನ್ನೊಂದು ಕಡೆ 121, ಮೂಲೆಗಳೂ ಗುಣಿಗೆ, ಅಂದರೆ ಲಂಬಕೋನ ನೋಡುವ ಪಟ್ಟಿಗೆ, ಬರುವುದಿಲ್ಲ. ತುಂಡನ್ನು ಅರ್ಧ ಸುತ್ತು ತಿರುಗಿಸುವ ಸಂದಿನಲ್ಲಿ ಅಂಚಿನ ತಪ್ಪು ಎರಡರಷ್ಟಾಗುತ್ತದೆ. ನಂಬಬೇಕಾದದ್ದು ಅಂಚನ್ನಲ್ಲ, ನಡುಗೆರೆಯನ್ನು. ಸುಮಿತ್ಸುಬೊ ಅನ್ನುವ ಮಸಿದಾನಿಯಲ್ಲಿ ದಾರ ಎಳೆದು ಎರಡೂ ತುಂಡುಗಳ ನಾಲ್ಕೂ ಮುಖಕ್ಕೆ ನಡುಗೆರೆ ಹೊಡೆದೆ. ಪ್ರತಿ ಮೆಟ್ಟಿಲು, ಪ್ರತಿ ನಾಲಿಗೆಯನ್ನು ಅದರಿಂದಲೇ ಅಳೆದೆ. ಮೇಲಿನ ಅರ್ಧವನ್ನೂ ಆ ಗೆರೆಗೆ ತಕ್ಕ ಹಾಗೆ ಒಂದೂವರೆ ಮಿಮೀ ತಿದ್ದಿದೆ. ಅಂಚುಗಳು ಕೂಡಿ ಬರದಿದ್ದರೆ ಬರದಿರಲಿ, ಕೊನೆಗೆ ಹತ್ತರಿ ಹೊಡೆದರಾಯಿತು.

ಶನಿವಾರ ಮಧ್ಯಾಹ್ನ ಮೂರನೇ ಕಾಲು ಪಕ್ಕದಿಂದ ಒಳಗೆ ಹೋಯಿತು. ಜೋಡಣೆಗೆ ಕೆಳಗೆ ಜಾಗ ಬೇಕಲ್ವಾ, ಅಡಿಗಲ್ಲನ್ನು ಮೊದಲೇ ಆಚೆ ತೆಗೆದಿದ್ದೆ. ಕಾಲಿನ ಬುಡವನ್ನೂ ಆ ಕಲ್ಲಿನ ಉಬ್ಬುತಗ್ಗಿಗೆ ಹೊಂದುವ ಹಾಗೆ ಕೆತ್ತಿಟ್ಟಿದ್ದೆ. ಕಾಲನ್ನು ಮೇಲಕ್ಕೆ ಒತ್ತಿ ಹಿಡಿದು ಬೆಣೆ ಹೊಡೆದೆ. ಮೊದಲು ಟಕ್ ಟಕ್ ಅನ್ನುತ್ತಿತ್ತು. ನಾಲ್ಕನೇ ಏಟಿಗೆ ಸದ್ದು ಬದಲಾಯಿತು, ಠಣ್ ಅಂತ ಗಂಟೆಯ ಹಾಗೆ. ಬೆಣೆ ಬಿಗಿಯಾದರೆ ಕೈಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಪೋಸ್ಟ್‌ಕಾರ್ಡ್ ಬಿಡಿ, ಬ್ಲೇಡ್ ಕೂಡ ಸಂದಿಗೆ ತೂರಲಿಲ್ಲ. ಅಡಿಗೆ ಜಲ್ಲಿ ಗುದ್ದಿ ಕಲ್ಲನ್ನು ವಾಪಸ್ ಕೂರಿಸಿ, ಭಾನುವಾರ ಜ್ಯಾಕ್ ಇಳಿಸಿದೆ. ಗೋಲಿ ಇಟ್ಟೆ. ಇಟ್ಟ ಕಡೆಯೇ ನಿಂತಿತು.

ಖುಷಿಯಿಂದ ಕೋಣೆಗಳ ನಡುವಿನ ಫುಸುಮಾ, ಅಂದರೆ ಕಾಗದ ಹಚ್ಚಿದ ಸರಿಸುವ ಬಾಗಿಲು, ಎಳೆದೆ. ಬರಲಿಲ್ಲ. ಮೇಲುಗಡೆ ಸಿಕ್ಕಿಹಾಕಿಕೊಂಡಿದೆ. ಇನ್ನೊಂದು ಎಳೆದೆ, ಅದಕ್ಕೆ ಕೆಳಗೆ ಎರಡು ಬೆರಳು ಸಂದು. ಆರು ಬಾಗಿಲುಗಳಲ್ಲಿ ಒಂದೂ ಸರಿಯಾಗಿ ಮುಚ್ಚುವುದಿಲ್ಲ. ಮನೆ ಎತ್ತಲು ಶುರು ಮಾಡುವ ತನಕ ರೇಷ್ಮೆಯ ಹಾಗೆ ಜಾರುತ್ತಿದ್ದವು! ಒಂದನ್ನು ತೆಗೆದು ನೆಲಕ್ಕಿಟ್ಟು ಗುಣಿ ಹಿಡಿದೆ. ಬಾಗಿಲು ಆಯತ ಅಲ್ಲ. ಒಂದು ಕಡೆ ಎತ್ತರ, ಒಂದು ಕಡೆ ಗಿಡ್ಡ. ಮನೆ ವಾಲುತ್ತಾ ಹೋದ ಹಾಗೆಲ್ಲ ಯಾರೋ ಬಹಳ ನಾಜೂಕಾಗಿ, ಬಹಳ ಚೆನ್ನಾಗಿ, ಬಾಗಿಲುಗಳನ್ನು ಆ ಡೊಂಕಿಗೆ ಸರಿಯಾಗಿ ಕೆತ್ತಿದ್ದಾರೆ. ಈಗ ಮನೆ ನೆಟ್ಟಗಾಗಿದೆ, ಬಾಗಿಲುಗಳು ಡೊಂಕು.

ಸಂಜೆ ಅಜ್ಜ ಬಂದರು. ಕಂಬದ ಸಂದಿನ ಮೇಲೆ ಬೆರಳು ಆಡಿಸಿ ‘ಹೋ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಆಮೇಲೆ ನೆಲದಲ್ಲಿ ಮಲಗಿದ್ದ ಫುಸುಮಾ ನೋಡಿದರು, ಬಗ್ಗಿ ಅದರ ಅಂಚು ಸವರಿದರು. ಇಷ್ಟು ಕೆಲಸ ಕೆಡಿಸಿದ ಪುಣ್ಯಾತ್ಮ ಯಾರೋ ಏನೋ ಅಂತ ನಾನು ನನ್ನ ಹರಕು ಜಪಾನಿ ಭಾಷೆಯಲ್ಲಿ ಗೊಣಗಿದೆ.

ಅಜ್ಜ ತಮ್ಮ ಮೂಗಿನ ಕಡೆ ಬೆರಳು ತೋರಿಸಿಕೊಂಡರು. ಮೂರು ಸಲ ಕೆತ್ತಿದ್ದರಂತೆ, ಹತ್ತು ವರ್ಷಕ್ಕೊಮ್ಮೆ. ಆಗಿನ ಯಜಮಾನ ಕಂಬಕ್ಕೆ ದುಡ್ಡು ಬಿಚ್ಚಲಿಲ್ಲ, ಬಾಗಿಲಿಗೆ ಬಿಚ್ಚಿದ. ಮುಂದಿನ ಶನಿವಾರ ಹತ್ತಕ್ಕೆ ಬರುತ್ತಾರೆ. ಈ ಸಲ ಚಹಾ ನಾನು ಮಾಡಬೇಕು, ಹತ್ತರಿ ಅವರು ತರುತ್ತಾರೆ.