ಕಟಗಿ ಕೈ

ನಮ್ಮಪ್ಪ ನನ್ನನ್ನು ಒಂದು ಸಲವೂ ಹೊಡೆದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಬೇರೆ ಯಾವುದೋ ಅಪ್ಪನನ್ನು ಊಹಿಸಿಕೊಳ್ಳುತ್ತೀರಿ.

ಇಳಕಲ್ಲಿನಲ್ಲಿ ನಮ್ಮದು ಕುಣಿ ಮಗ್ಗದ ಮನೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ಹಾಸು ಅಂತಾರೆ. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು. ಎರಡನ್ನೂ ಎಳೆಗೆ ಎಳೆ ಕೂಡಿಸಬೇಕು. ಅದೇ ಕೊಂಡಿ. ಒಂದು ಸೀರೆ ಮುಗಿದರೆ ಮುಂದಿನದಕ್ಕೆ ಮತ್ತೆ ಕೊಂಡಿ. ಹಾಗಾಗಿ ಹಾಸನ್ನೂ ಒಂದೊಂದು ಸೀರೆಯ ಅಳತೆಗೇ ಮಾಡಿಕೊಳ್ಳುತ್ತಾರೆ.

ಆಗ ನನಗೆ 12 ವರ್ಷ. ಕಂಡಿಕೆ ಸುತ್ತುವುದಷ್ಟೇ ನನ್ನ ಕೆಲಸ. ಅವತ್ತು ಅವ್ವನಿಗೆ ಜ್ವರ, ಕೊಂಡಿಗೆ ನಾನು ಕೂತೆ. ಸೆರಗಿನ ಕೆಂಪು ರೇಷ್ಮೆ ಬೆರಳಿನಿಂದ ಜಾರಿತು. ಒಂದು ಹಿಡಿ ಎಳೆ ಸಿಕ್ಕು ಸಿಕ್ಕಾಯಿತು. ಸಾಹುಕಾರರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಅವರೆದುರೇ ಅಪ್ಪ ಅಂದ, “ಕೈ ಅಲ್ರೀ ಇವು, ಕಟಗಿ. ಇಕಿ ಕೈಯಾಗ ಏನ್ ಕೊಟ್ರೂ ಹಾಳು.”

ಸಾಹುಕಾರರು ನಕ್ಕರು. ಅಪ್ಪನೂ ನಕ್ಕ. ಸಂಜೆ ನನಗೆ ಗಿರಮಿಟ್ಟು ತಂದುಕೊಟ್ಟ. ಅವನಿಗೆ ಅದು ಅಲ್ಲಿಗೇ ಮುಗಿದಿತ್ತು.

ನನಗೀಗ 43. ಬಾಗಲಕೋಟೆಯ ನವನಗರದಲ್ಲಿ ಲೆಕ್ಕ ಬರೆಯುವ ಕೆಲಸ. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ. ಮದುವೆಮನೆಯಲ್ಲಿ ಬಡಿಸಲು ಕರೆದರೆ ಸೊಂಟ ನೋವು ಅಂತೀನಿ. ಸೊಂಟ ಗಟ್ಟಿಯಾಗಿಯೇ ಇದೆ! ಅದೆಲ್ಲ ಹೋಗಲಿ. ಮಗಳು ಹುಟ್ಟಿದಾಗ ಐದು ತಿಂಗಳು ನಾನು ಅವಳಿಗೆ ಎರೆಯಲಿಲ್ಲ. ಎಣ್ಣೆ ಹಚ್ಚಿದ ಕೂಸಿನ ಮೈ ರೇಷ್ಮೆಗಿಂತ ಜಾಸ್ತಿ ಜಾರುತ್ತದೆ. ಅವ್ವನೇ ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ಒಂದಿನ ಅಪ್ಪ ಕೇಳಿದ, “ಯಾಕವಾ, ನಿನ್ನ ಕೂಸು ಹಿಡಿಯಾಕ ನೀನ ಅಂಜತೀಯಲ್ಲ?”

ಬಾಯಿತನಕ ಬಂದಿತ್ತು. ಸುಮ್ನೆ ನಕ್ಕೆ. ಹೇಳಿದ್ದರೂ ನೆನಪಿಲ್ಲ ಅಂತಿದ್ದ. ನಿಜವಾಗಿಯೂ ಇರಲಿಕ್ಕಿಲ್ಲ.

ಹೋದ ತಿಂಗಳು ಅವನ ಕಣ್ಣಿನ ಪೊರೆ ತೆಗೆಸಿದೆವು. ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು. “ನೀನ ಹಾಕವಾ, ನಿಮ್ಮವ್ವನ ಕೈ ನಡಗತಾವ” ಅಂದ. ಕೈ ತೊಳೆದುಕೊಂಡೆ, ಎರಡು ಸಲ. ಮೊದಲ ಹನಿ ಕಣ್ಣಿಗೆ ಬೀಳಲಿಲ್ಲ. ಗಲ್ಲದ ಮೇಲೆ ಬಿದ್ದು ಗಡ್ಡದೊಳಗೆ ಇಳಿಯಿತು. ಬಾಟಲಿ ಹಿಡಿದು ಹಾಗೇ ನಿಂತೆ. ಆ ಮಾತು ಈಗ ಬರುತ್ತೆ ಅಂತ ಕಾದೆ.

ಅಪ್ಪ ಗಲ್ಲ ಒರೆಸಿಕೊಂಡ. ಮತ್ತೆ ಕಣ್ಣು ಅಗಲಿಸಿ, ಮುಖ ಮೇಲೆತ್ತಿದ.

“ಹಾಕು” ಅಂದ.