ಮೈಸೂರಿನ ಗಾಡಿ, ನಾನಾ ಪೇಠೆಯ ಸೀಲು

ಸೋದರಮಾವನ ಯೆಜ್ಡಿ ರೋಡ್‌ಕಿಂಗ್ ಬೈಕು ಪುಣೆಯ ಕೋಥ್ರೂಡ್‌ನ ನಮ್ಮ ಪಾರ್ಕಿಂಗ್‌ನಲ್ಲಿ ಒಂಬತ್ತು ವರ್ಷ ಸುಮ್ನೆ ನಿಂತಿತ್ತು. ಟ್ಯಾಂಕ್ ತುಂಬ ತುಕ್ಕು, ಸೀಟಿನೊಳಗೆ ಇಲಿ ಸಂಸಾರ. ಹೆಂಡತಿ ಹಾಕಿದ ಮಿತಿ 30,000 ರೂಪಾಯಿ. ಹಾಗಾಗಿ ಬಣ್ಣ, ಕ್ರೋಮ್ ಆಮೇಲೆ, ದುಡ್ಡೆಲ್ಲ ಇಂಜಿನ್‌ಗೆ. ಮಿರಮಿರ ಮಿಂಚುವ ಗಾಡಿಯನ್ನು ತಳ್ಳಿಕೊಂಡು ಹೋಗೋದು ಯಾರಿಗೆ ಬೇಕು, ಅಲ್ವಾ?

ಮೊದಲ ಮೆಕ್ಯಾನಿಕ್ ಸಿಲಿಂಡರಿನ ಒಳಮೈ ಕೊರೆಸಿ (ಬೋರ್ ಮಾಡಿಸಿ) ಹೊಸ ಪಿಸ್ಟನ್ ಹಾಕಿದ. ಗಾಡಿ ಶುರುವಾಯಿತು. ಆದರೆ ಬಿಳಿ ಹೊಗೆ ನಿಲ್ಲಲೇ ಇಲ್ಲ, ಗೇರ್‌ಬಾಕ್ಸ್ ಆಯಿಲ್ ಬೇರೆ ಕಮ್ಮಿಯಾಗುತ್ತಿತ್ತು. ಎರಡನೆಯವರು ವಿಜಯಪುರದ ಕಡೆಯವರು. ಹೊಗೆಯ ವಾಸನೆ ನೋಡಿಯೇ ಹೇಳಿದರು: "ಪಿಸ್ಟನ್ ಅಲ್ರೀ ಸರ, ಕ್ಲಚ್ ಕಡೀ ಸೀಲ್ ಹೋಗೇತಿ."

ಯೆಜ್ಡಿಯಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸೇ, ಪೆಟ್ರೋಲ್ ಎಳೆಯುವ ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಎಳೆತ. ಅದನ್ನು ಗೇರ್ ಆಯಿಲ್‌ನಿಂದ ಬೇರೆಯಾಗಿಡುವ ಸೀಲು ಹರಿದಿದ್ದರೆ ಪೆಟ್ರೋಲ್ ಜೊತೆ ಗೇರ್ ಆಯಿಲನ್ನೂ ಎಳೆದು ಸುಡುತ್ತದೆ. ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠೆಯಲ್ಲಿ ಸಿಕ್ಕ ಆ ಸೀಲು ಬೆರಳಿಗೆ ಹಾಕಿಕೊಳ್ಳುವಂತಿತ್ತು. ಅಗ್ಗದ ರಬ್ಬರು, ಬಿಚ್ಚುವ ಕೂಲಿಯೇ ದುಬಾರಿ.

ಹಳೇ ಸಾಮಾನಿನ ಸಂತೆ, ಭಾನುವಾರದ ಜೂನಾ ಬಜಾರ್‌ನಲ್ಲಿ ಕಿಕ್ ಲಿವರ್ ಸಿಕ್ಕಿತು. ಕಿಕ್ ಹೊಡೆದು ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಬಿಡಿಭಾಗ ಹೀಗೆ ಎಲ್ಲೋ ಒಂದು ಕಡೆ ಸಿಗುತ್ತವೆ.

ಒಟ್ಟು ಖರ್ಚು 33,400. ಮನೆಯಲ್ಲಿ 29,000 ಅಂದಿದ್ದೇನೆ. ಈಗ ಟೂ ಸ್ಟ್ರೋಕ್ ಇಂಜಿನ್‌ಗೆ ಬೇಕಾದಂತೆ ಲೀಟರ್ ಪೆಟ್ರೋಲ್‌ಗೆ 40 ಎಂಎಲ್ ಆಯಿಲ್ ಬೆರೆಸುತ್ತೇನೆ. ಮೊನ್ನೆ ಮಾವನಿಗೆ ಫೋನ್‌ನಲ್ಲಿ ಸದ್ದು ಕೇಳಿಸಿದೆ. "ಎಡಗಡೆ ಸೈಲೆನ್ಸರ್ ಸಡಿಲ ಇದೆ ನೋಡೋ" ಅಂದರು. ಹೋಗಿ ನೋಡಿದರೆ ನಿಜಕ್ಕೂ ಸಡಿಲವೇ!